"ಚೋಲು ಎಷ್ಟಾಯ್ತು?" ಎಐ ಏಜೆಂಟಿಗೆ ಅರ್ಥವಾಗುವಂತೆ ಟೂಲ್ ವಿವರಣೆ ಬರೆಯುವುದು ಹೀಗೆ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪಿಗೆ ಒಂದು ಎಐ ಏಜೆಂಟ್ ಮಾಡಿಕೊಡಲು ಹೊರಟಿದ್ದೀರಿ ಅಂದುಕೊಳ್ಳಿ. ಅದು ದರ ಹೇಳಬೇಕು, ಮಳೆ ಬರುತ್ತದಾ ನೋಡಬೇಕು, ಬೇಕಾದರೆ ಸದಸ್ಯರಿಗೆ ಮೆಸೇಜ್ ಕಳಿಸಬೇಕು. ಈ ಒಂದೊಂದು ಕೆಲಸಕ್ಕೂ ಏಜೆಂಟ್ ಕರೆಯುವ ಒಂದೊಂದು ಸಣ್ಣ ಪ್ರೋಗ್ರಾಂ ಇರುತ್ತದೆ, ಅದೇ ಟೂಲ್. ಕೋಡ್ ಬರೆದಾಗಿದೆ, ಚೆನ್ನಾಗಿಯೇ ಓಡುತ್ತಿದೆ. ಆದರೆ ಯಾರೋ "ಚೋಲು ಎಷ್ಟಾಯ್ತು?" ಅಂತ ಹಳೆ ಅಡಿಕೆಯ ದರ ಕೇಳಿದರೆ ಏಜೆಂಟ್ ತಪ್ಪು ಟೂಲನ್ನು ಕರೆಯುತ್ತದೆ, ಇಲ್ಲವೇ ಯಾವ ಟೂಲನ್ನೂ ಕರೆಯದೆ ತನಗೆ ತೋಚಿದ ದರ ಹೇಳಿಬಿಡುತ್ತದೆ. ಇಂಥ ಕಡೆ ಕೋಡ್ ಕೆದಕುವ ಮೊದಲು ಟೂಲಿನ ವಿವರಣೆ ತೆಗೆದು ಓದಿ.

ಯಾಕೆಂದರೆ ಏಜೆಂಟಿನ ಮಿದುಳಾದ ಎಐ ಮಾಡೆಲ್‌ಗೆ ನಿಮ್ಮ ಕೋಡ್ ಕಾಣಿಸುವುದೇ ಇಲ್ಲ. ಟೂಲಿನ ಹೆಸರು, ಅದರ ವಿವರಣೆ, ಏನೇನು ಮಾಹಿತಿ ಕೊಡಬೇಕು ಅನ್ನುವ ಸ್ಕೀಮಾ, ಇಷ್ಟೇ ಅದರ ಕಣ್ಣಿಗೆ ಬೀಳುವುದು. 2023ರ ಜೂನ್‌ನಲ್ಲಿ ಓಪನ್‌ಎಐ ಫಂಕ್ಷನ್ ಕಾಲಿಂಗ್ (ಮಾಡೆಲ್ ಟೂಲ್ ಕರೆಯುವ ವ್ಯವಸ್ಥೆ) ತಂದಾಗ ಹೀಗೇ ಇತ್ತು, 2024ರ ನವೆಂಬರ್‌ನಲ್ಲಿ ಆಂಥ್ರಾಪಿಕ್ ಎಂಸಿಪಿ (ಟೂಲುಗಳನ್ನು ಎಐಗೆ ಜೋಡಿಸುವ ಒಂದು ಮಾನದಂಡ) ಬಿಟ್ಟ ಮೇಲೂ ಹೀಗೇ ಇದೆ.

ಮೊದಲು ಹೆಸರು. "ಗೆಟ್ ಡೇಟಾ" ಅಂತ ಇಟ್ಟರೆ ಯಾವ ಡೇಟಾ ಅಂತ ಯಾರಿಗೆ ಗೊತ್ತು? "ಅಡಿಕೆ ದಿನದ ದರ" ಅನ್ನುವ ಅರ್ಥ ಹೆಸರಿನಲ್ಲೇ ಬರಲಿ. ಹೆಚ್ಚಿನ ಕಡೆ ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್, ಹೈಫನ್ ಮಾತ್ರ ನಡೆಯುತ್ತದೆ, ಹಾಗಾಗಿ ಕನ್ನಡ ಲಿಪಿಯ ಆಸೆ ಇಲ್ಲಿ ಬಿಡಿ.

ಆಮೇಲೆ ವಿವರಣೆ. ಕೆಲಸ ಜಾಸ್ತಿ ಇರುವುದು ಇಲ್ಲೇ. ಎಷ್ಟೋ ಮಂದಿ "ಅಡಿಕೆ ದರ ಕೊಡುತ್ತದೆ" ಅಂತ ಒಂದೇ ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ಅದರ ಬದಲು ಹೀಗೆ ಬರೆದು ನೋಡಿ:

"ಕಾಸರಗೋಡು, ದಕ್ಷಿಣ ಕನ್ನಡ ಮಾರುಕಟ್ಟೆಯ ಚಾಲಿ ಅಡಿಕೆಗೆ ಒಂದು ದಿನದ ಖರೀದಿ ದರ ಕೊಡುತ್ತದೆ. ದರ ಒಂದು ಕಿಲೋಗೆ, ರೂಪಾಯಿಯಲ್ಲಿ. ಇವತ್ತಿನ ಅಥವಾ ಹಿಂದಿನ ಯಾವುದಾದರೂ ಒಂದು ದಿನದ ದರ ಕೇಳಿದಾಗ ಬಳಸು. ಹಲವು ದಿನಗಳ ಏರಿಳಿತ ಕೇಳಿದರೆ ದರ ಇತಿಹಾಸದ ಟೂಲ್ ಬಳಸು. ಮುಂದಿನ ದರ ಇದರಲ್ಲಿ ಸಿಗುವುದಿಲ್ಲ. ರಜೆಯ ದಿನ ಖಾಲಿ ಪಟ್ಟಿ ಬರುತ್ತದೆ. ಆಗ ದರ ಊಹಿಸಬೇಡ, ಆ ದಿನ ವ್ಯಾಪಾರ ಇರಲಿಲ್ಲ ಎಂದು ಹೇಳು."

ಉದ್ದ ಆಯಿತು ಅನ್ನಿಸಬಹುದು. ಆದರೆ ಒಂದೊಂದು ಸಾಲಿಗೂ ಕಾರಣ ಇದೆ. ನಮ್ಮ ಕಡೆ ಚಾಲಿಯ (ಒಣಗಿಸಿ ಸುಲಿದ ಬಿಳಿ ಅಡಿಕೆ) ದರ ಕಿಲೋ ಲೆಕ್ಕದಲ್ಲಿ, ಶಿವಮೊಗ್ಗ ಕಡೆ ರಾಶಿ (ಬೇಯಿಸಿ ಒಣಗಿಸಿದ ಕೆಂಪು) ಅಡಿಕೆಯ ದರ ಕ್ವಿಂಟಲ್ ಲೆಕ್ಕದಲ್ಲಿ. ಮಾಡೆಲ್ ಓದಿ ಕಲಿತ ಬರಹದಲ್ಲಿ ಎರಡೂ ಇರುತ್ತವೆ. ನೀವು ಹೇಳದಿದ್ದರೆ ಬಂದ ಅಂಕಿಯನ್ನು ಅದು ನೂರರಿಂದ ಭಾಗಿಸಲೂಬಹುದು, ಗುಣಿಸಲೂಬಹುದು. "ಯಾವಾಗ ಬಳಸಬಾರದು" ಅನ್ನುವ ಮಾತಂತೂ, ನನ್ನ ಲೆಕ್ಕದಲ್ಲಿ, "ಯಾವಾಗ ಬಳಸಬೇಕು" ಅನ್ನುವುದಕ್ಕಿಂತ ಮುಖ್ಯ. ಒಂದನ್ನೊಂದು ಹೋಲುವ ಎರಡು ಟೂಲ್ ಇದ್ದಾಗ ಬೇರೆ ದಾರಿಯೇ ಇಲ್ಲ, ಒಂದರ ವಿವರಣೆಯಲ್ಲಿ ಇನ್ನೊಂದರ ಹೆಸರು ಹೇಳಿಯೇ ಗಡಿ ಹಾಕಬೇಕು. ಅಷ್ಟು ಮಾಡಿದರೂ ಗೊಂದಲ ಉಳಿದರೆ ಎರಡನ್ನೂ ಸೇರಿಸಿ ಒಂದೇ ಟೂಲ್ ಮಾಡುವುದು ಒಳ್ಳೆಯದು.

ಮುಂದೆ ಸ್ಕೀಮಾ. ದರ್ಜೆ ಅನ್ನುವ ಜಾಗವನ್ನು ಸುಮ್ನೆ ಖಾಲಿ ಪಠ್ಯವಾಗಿ ಬಿಡಬೇಡಿ. ಹೊಸ ಅಡಿಕೆ, ಸಿಂಗಲ್ ಚೋಲು, ಡಬಲ್ ಚೋಲು, ಪಟೋರ, ಉಳ್ಳಿ, ಕರಿಗೋಟು ಅಂತ ಎನಮ್ ಪಟ್ಟಿ, ಅಂದರೆ ಇವುಗಳಲ್ಲೇ ಒಂದನ್ನು ಆರಿಸಬೇಕಾದ ಪಟ್ಟಿ ಕೊಡಿ. ಜೊತೆಗೆ ಸಿಂಗಲ್ ಚೋಲು ಅಂದರೆ ಹಿಂದಿನ ವರ್ಷದ ಅಡಿಕೆ, ಡಬಲ್ ಚೋಲು ಅಂದರೆ ಅದಕ್ಕಿಂತಲೂ ಹಳೆಯದು ಅಂತ ಒಂದು ಸಾಲು ಸೇರಿಸಿ. ಬರೀ "ಚೋಲು" ಅಂದಾಗ ಯಾವುದು ತೆಗೆದುಕೊಳ್ಳಬೇಕು ಅನ್ನುವುದನ್ನೂ ನೀವೇ ಹೇಳಿ. ಊರಿನವರಿಗೆ ಇದೆಲ್ಲ ಕೇಳದೆಯೇ ಗೊತ್ತು, ಮಾಡೆಲ್‌ಗೆ ಗೊತ್ತಿದೆ ಅಂತ ನಂಬಿ ಕೂರಬೇಡಿ.

ತಾರೀಕಿನಲ್ಲೂ ಎಡವಟ್ಟು ಆಗುತ್ತದೆ. 03/04/2025 ಅಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ವರ್ಷ-ತಿಂಗಳು-ದಿನ ಅನ್ನುವ ಕ್ರಮ ಹೇಳಿ, 2025-04-03 ಅಂತ ಒಂದು ಮಾದರಿಯನ್ನೂ ಕೊಡಿ. ಇವತ್ತು ಯಾವ ದಿನ ಅಂತ ಮಾಡೆಲ್‌ಗೆ ತಾನಾಗಿಯೇ ತಿಳಿಯುವುದಿಲ್ಲ. "ನಿನ್ನೆಯ ದರ" ಅಂತ ಕೇಳುವವರು ಇದ್ದೇ ಇರುತ್ತಾರೆ, ಅಲ್ವಾ? ಹಾಗಾಗಿ ಇವತ್ತಿನ ತಾರೀಕನ್ನು, ಏಜೆಂಟಿಗೆ ಮೊದಲೇ ಕೊಡುವ ಸೂಚನೆಯಾದ ಸಿಸ್ಟಮ್ ಪ್ರಾಂಪ್ಟ್‌ನಲ್ಲಿ ಕೊಡಿ.

ಮೆಸೇಜ್ ಕಳಿಸುವ ಟೂಲ್ ವಿಷಯ ಬೇರೆ. ದರ ನೋಡುವುದರಿಂದ ಏನೂ ಹಾಳಾಗುವುದಿಲ್ಲ, ಆದರೆ ಗುಂಪಿನ ಎಲ್ಲರಿಗೂ ಹೋದ ಮೆಸೇಜ್ ಹೋದದ್ದೇ. "ಇದು ನಿಜವಾಗಿಯೂ ಕಳಿಸುತ್ತದೆ, ಬಳಕೆದಾರರ ಒಪ್ಪಿಗೆ ಸಿಕ್ಕಿದ ಮೇಲೆ ಮಾತ್ರ ಬಳಸು" ಅಂತ ಬರೆಯಿರಿ. ಬರೆದದ್ದನ್ನೇ ನಂಬಬೇಡಿ, ಒಪ್ಪಿಗೆಯಿಲ್ಲದೆ ಕಳಿಸದಂತೆ ಕೋಡಿನಲ್ಲೂ ತಡೆ ಇರಲಿ. ಎಂಸಿಪಿಯಲ್ಲಿ ಓದಲು ಮಾತ್ರ, ಅಳಿಸಬಲ್ಲದು ಎಂದೆಲ್ಲ ಗುರುತು ಹಾಕಬಹುದು, ಆದರೆ ಅವು ಬರೀ ಸುಳಿವುಗಳು, ಕಾವಲು ಅಲ್ಲ.

ದೋಷದ ಸಂದೇಶವನ್ನೂ ಮಾಡೆಲ್ ಓದುತ್ತದೆ. "ಎರರ್ 400" ಅಂತ ಬಂದರೆ ಅದು ಅದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾ ಕೂರಬಹುದು. "ಈ ದರ್ಜೆ ಪಟ್ಟಿಯಲ್ಲಿಲ್ಲ, ಈ ಆರರಲ್ಲಿ ಒಂದನ್ನು ಕೊಡು" ಅಂತ ಬಂದರೆ ಸರಿಮಾಡಿಕೊಳ್ಳಲು ಅದಕ್ಕೆ ದಾರಿ ಸಿಗುತ್ತದೆ.

ಹಾಗಂತ ಪುಟಗಟ್ಟಲೆ ಬರೆಯಬೇಡಿ. ವಿವರಣೆ ಪ್ರತಿ ಕರೆಯಲ್ಲೂ ಮಾಡೆಲ್‌ಗೆ ಹೋಗುತ್ತದೆ, ಟೋಕನ್ (ಮಾಡೆಲ್ ಪಠ್ಯವನ್ನು ಅಳೆಯುವ ತುಣುಕು) ಖರ್ಚು. ಅದೇ ಮಾತಿಗೆ ಇಂಗ್ಲಿಷಿಗಿಂತ ಕನ್ನಡದಲ್ಲಿ ಸಾಮಾನ್ಯವಾಗಿ ಜಾಸ್ತಿ ಟೋಕನ್ ಬೇಕು. ವಿವರಣೆಯನ್ನು ಇಂಗ್ಲಿಷಿನಲ್ಲಿ ಬರೆದು ಪಟೋರ, ಚೋಲು ಮುಂತಾದ ಪದಗಳನ್ನು ಮಾತ್ರ ಕನ್ನಡದಲ್ಲೇ ಇಡುವುದಕ್ಕೆ ನನ್ನ ತಕರಾರಿಲ್ಲ.

ಕೊನೆಗೆ ಪರೀಕ್ಷೆ. ಜನ ಹೇಗೆ ಕೇಳುತ್ತಾರೋ ಹಾಗೆಯೇ ಒಂದಷ್ಟು ಪ್ರಶ್ನೆ ಬರೆದಿಡಿ: "ಪಟೋರ ಇಳಿದಿದೆಯಾ?", "ನಾಳೆ ಮದ್ದು ಬಿಡಬಹುದಾ?", "ಈಗ ಕೊಡುವುದಾ, ಇಟ್ಟುಕೊಳ್ಳುವುದಾ?" ಎರಡನೆಯದಕ್ಕೆ ಮಳೆಯ ಟೂಲ್ ಕರೆಯಬೇಕು, ಬೋರ್ಡೋ (ಕೊಳೆರೋಗದ ಮದ್ದು) ಸಿಂಪಡಣೆಗೆ ಅಂತ ವಿವರಣೆಯಲ್ಲಿ ಇದ್ದರೆ ಸುಲಭ. ಮೂರನೆಯದಕ್ಕೆ ಹಿಂದಿನ ದರ ತೋರಿಸಿ, ಮುಂದಿನದು ಹೇಳಲಾಗದು ಅನ್ನಬೇಕು. ಏಜೆಂಟ್ ಯಾವ ಟೂಲ್ ಕರೆಯಿತು, ಅದಕ್ಕೆ ಏನು ಮಾಹಿತಿ ಕೊಟ್ಟಿತು ಅಂತ ಕರೆಗಳ ದಾಖಲೆಯಾದ ಲಾಗ್‌ನಲ್ಲಿ ನೋಡಿ, ಒಂದು ಸಲಕ್ಕೆ ಒಂದೇ ಸಾಲು ಬದಲಾಯಿಸಿ. ಮಾಡೆಲ್ ಬದಲಾಯಿಸಿದ ದಿನ ಅದೇ ಪ್ರಶ್ನೆಗಳನ್ನು ಇನ್ನೊಮ್ಮೆ ಓಡಿಸಿ.