ಜಾನ್ ಗ್ರೇ ಅಜ್ಜನ ಸಮಾಧಿಗೆ ನಾವು ಹೋಗಿ ಬಂದದ್ದು

ನಾವು ಒಹಾಯೋದ ಕೊಲಂಬಸ್‌ನಲ್ಲಿರುವ ಕೆಲವು ಕನ್ನಡ ಕುಟುಂಬದವರು. ಮೆಮೋರಿಯಲ್ ಡೇ, ಅಂದರೆ ಮಡಿದ ಸೈನಿಕರನ್ನು ನೆನೆಯುವ ದಿನದ ರಜೆಯಲ್ಲಿ ಎಲ್ಲಾದರೂ ಪಿಕ್ನಿಕ್ ಹೋಗುವುದು ರೂಢಿ. ಈ ಸಲ ಒಬ್ಬ ಸೈನಿಕರ ಸಮಾಧಿಗೆ ಹೋಗೋಣ ಅಂತ ನಾನೇ ಒತ್ತಾಯ ಮಾಡಿದೆ. ಅವರ ಹೆಸರು ಜಾನ್ ಗ್ರೇ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸೈನಿಕರಲ್ಲಿ ಕೊನೆಯವರೆಗೂ ಬದುಕಿ ಉಳಿದಿದ್ದ ಕೆಲವೇ ಜನರಲ್ಲಿ ಒಬ್ಬರು. ಸಮಾಧಿ ಇರುವುದು ನಮ್ಮ ರಾಜ್ಯದಲ್ಲೇ, ನೋಬಲ್ ಕೌಂಟಿಯ ಹೈರಮ್ಸ್‌ಬರ್ಗ್ ಹತ್ತಿರ. ಆದರೆ ಇಲ್ಲೇ ಹುಟ್ಟಿ ಬೆಳೆದ ನನ್ನ ಗೆಳೆಯರಿಗೂ ಈ ಹೆಸರು ಗೊತ್ತಿರಲಿಲ್ಲ.

ಮಕ್ಕಳು ಸುಮ್ನೆ ಬಂದು ಹೂವಿಟ್ಟು ಹೋಗಬಾರದು, ಇವರು ಯಾರು ಅಂತ ತಿಳಿದಿರಬೇಕು ಎಂಬುದು ನನ್ನ ಆಸೆ. ಹಾಗಾಗಿ ಮೊದಲು ಅವರ ಜೀವನವನ್ನು ಒಂದು ಪುಟದಲ್ಲಿ ಬರೆದೆ. ಹುಟ್ಟಿದ್ದು 1764ರಲ್ಲಿ, ವರ್ಜೀನಿಯಾದಲ್ಲಿ, ಜಾರ್ಜ್ ವಾಷಿಂಗ್ಟನ್ ಅವರ ಮೌಂಟ್ ವರ್ನನ್ ತೋಟದ ಹತ್ತಿರ. ಬಡವರ ಮನೆ. ಹದಿಹರೆಯದಲ್ಲೇ ಸೈನ್ಯ ಸೇರಿದರು. ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷರು ಶರಣಾದಾಗ ತಾನೂ ಅಲ್ಲಿದ್ದೆ ಅಂತ ಅವರು ಹೇಳಿಕೊಂಡಿದ್ದರಂತೆ.

ಇಲ್ಲಿ ನಮ್ಮ ಮಕ್ಕಳ ಕಿವಿ ನೆಟ್ಟಗಾಯಿತು. 1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್. ಅದೇ ಕಾರ್ನ್‌ವಾಲಿಸ್ ಮುಂದೆ ಭಾರತಕ್ಕೆ ಬಂದು, 1791ರಲ್ಲಿ ಟಿಪ್ಪುವಿನಿಂದ ಬೆಂಗಳೂರು ಕೋಟೆಯನ್ನು ಕಿತ್ತುಕೊಂಡ. ಮರುವರ್ಷ ಶ್ರೀರಂಗಪಟ್ಟಣದವರೆಗೂ ನುಗ್ಗಿದ. ಕೆ.ಆರ್. ಮಾರ್ಕೆಟ್ ಹತ್ತಿರ ಉಳಿದಿರುವ ಕೋಟೆಯನ್ನು ಊರಿಗೆ ಹೋದಾಗ ಈ ಮಕ್ಕಳೇ ನೋಡಿದ್ದರು. ಅಷ್ಟು ಸಾಕಾಯಿತು, ಗ್ರೇ ಅವರು ಆಮೇಲೆ ‘ಗ್ರೇ ಅಜ್ಜ’ ಆಗಿಬಿಟ್ಟರು.

ಯುದ್ಧ ಮುಗಿದ ಮೇಲೆ ಅಜ್ಜನ ಬದುಕಿನಲ್ಲಿ ಯುದ್ಧವೇ ಇಲ್ಲ. ಒಹಾಯೋ ರಾಜ್ಯವಾದದ್ದು 1803ರಲ್ಲಿ. ಅದಕ್ಕೂ ಮುಂಚೆಯೇ ಇಲ್ಲಿಗೆ ಬಂದು ನೆಲೆಸಿ, ಬೇಸಾಯ ಮಾಡಿಕೊಂಡು ಬದುಕಿದರು. ಈ ಭಾಗ ನನಗೆ ಯಾರ್ಕ್‌ಟೌನ್‌ಗಿಂತ ಜಾಸ್ತಿ ಮುಖ್ಯ ಅನ್ನಿಸಿತು. ನಮ್ಮ ವೀರಗಲ್ಲುಗಳಲ್ಲಿ ಹೋರಾಡಿ ಸತ್ತವರ ಚಿತ್ರ ಇರುತ್ತದೆ. ಹೋರಾಡಿ, ಬದುಕಿ ಬಂದು, ಮುಂದಿನ ಕಾಲವೆಲ್ಲ ದುಡಿದು ಬಾಳಿದವರಿಗೆ ಯಾವ ಕಲ್ಲು?

ಅವರನ್ನು ಸರ್ಕಾರವೂ ಮರೆತಿತ್ತು. ಅದಕ್ಕೆ ಕಾರಣ ಒಂದು ನಿಯಮ. 1832ರ ಕಾನೂನಿನ ಪ್ರಕಾರ ಪಿಂಚಣಿ ಸಿಗಬೇಕಾದರೆ ಕಡಿಮೆ ಅಂದರೂ ಆರು ತಿಂಗಳ ಸೇವೆ ಬೇಕಿತ್ತು. ಅಜ್ಜನ ಸೇವೆ ಅಷ್ಟಾಗಿರಲಿಲ್ಲ. ಕೊನೆಗೆ ಒಹಾಯೋದ ಸಂಸದ ಜಾನ್ ಬಿಂಗಮ್ ಅವರ ಪರ ನಿಂತರು. 1867ರಲ್ಲಿ ಅವರಿಗಾಗಿಯೇ ವಿಶೇಷ ಕಾನೂನು ಮಾಡಿ ವರ್ಷಕ್ಕೆ 500 ಡಾಲರ್ ಪಿಂಚಣಿ ಕೊಟ್ಟರು. ಆಗ ಅಜ್ಜನಿಗೆ 103 ವರ್ಷ! ಮರುವರ್ಷ, 1868ರ ಮಾರ್ಚ್ 29ರಂದು ತೀರಿಕೊಂಡರು. ಇದನ್ನು ಓದಿದಾಗ ನನಗೆ ತುಂಬಾ ಸಂಕಟವಾಯಿತು. ಆ ಆರು ತಿಂಗಳ ಲೆಕ್ಕಕ್ಕೆ ಮೂವತ್ತೈದು ವರ್ಷ ಕಾಯಿಸಿದರಲ್ಲ.

ಬರೆದದ್ದನ್ನು ಮನೆಯಲ್ಲಿ ಓದಿಸಿದಾಗ ಮಗಳು, “ಅಪ್ಪಾ, ಅಜ್ಜ ಬರೋಕ್ಕೆ ಮುಂಚೆ ಇಲ್ಲಿ ಯಾರಿದ್ರು?” ಅಂತ ಕೇಳಿದಳು. ಅದನ್ನೂ ಹೇಳಲೇಬೇಕು, ಅಲ್ವಾ? 1794ರಲ್ಲಿ ಫಾಲನ್ ಟಿಂಬರ್ಸ್ ಕಾಳಗದಲ್ಲಿ ಅಮೆರಿಕದ ಸೈನ್ಯಕ್ಕೆ ಸೋತ ಮೇಲೆ, 1795ರ ಗ್ರೀನ್‌ವಿಲ್ ಒಪ್ಪಂದದಲ್ಲಿ ಶಾನೀ, ಡೆಲಾವೇರ್, ವಯಾಂಡಾಟ್ ಮೊದಲಾದ ಮೂಲನಿವಾಸಿಗಳು ಒಹಾಯೋದ ಬಹುಪಾಲು ನೆಲ ಬಿಟ್ಟುಕೊಡಬೇಕಾಯಿತು. ಅಜ್ಜನಂಥವರು ಬಂದು ನೆಲೆಸಿದ್ದು ಆ ನೆಲದಲ್ಲಿ. ಪುಟಕ್ಕೆ ಈ ಸಾಲುಗಳನ್ನೂ ಸೇರಿಸಿದೆ. ಅಜ್ಜನ ಮೇಲಿನ ಗೌರವ ಇದರಿಂದ ಕಡಿಮೆ ಆಗಲಿಲ್ಲ.

ಹೋಗುವ ಮುಂಚೆ ಅಲ್ಲಿನವರನ್ನು ಕೇಳಿ ಒಪ್ಪಿಗೆ ತೆಗೆದುಕೊಂಡೆವು. ಸಣ್ಣ ಸ್ಮಶಾನಗಳಿಗೆ ಹೇಳದೆ ಕೇಳದೆ ನುಗ್ಗಬಾರದು. ಕಲ್ಲು ತೊಳೆಯುವ ಗೋಜಿಗೆ ಹೋಗಲಿಲ್ಲ. ಬ್ಲೀಚ್, ತಂತಿ ಬ್ರಷ್ ಹಾಕಿದರೆ ಹಳೆಯ ಕಲ್ಲಿನ ಮೈ ಕಿತ್ತುಬರುತ್ತದೆ, ಅಕ್ಷರವೂ ಸವೆಯುತ್ತದೆ. ಕಲ್ಲಿನ ಮೇಲೆ ಸೀಮೆಸುಣ್ಣ ಉಜ್ಜಿ ಓದುವುದೂ ಬೇಡ. ಬೆಳಕು ಪಕ್ಕದಿಂದ ಬೀಳುವಾಗ ಫೋಟೋ ತೆಗೆದರೆ ಅಕ್ಷರ ತಾನಾಗಿಯೇ ಎದ್ದು ಕಾಣುತ್ತದೆ. ಮಕ್ಕಳು ಸಣ್ಣ ಬಾವುಟ ನೆಟ್ಟರು. ಆ ಪುಟವನ್ನು ಒಬ್ಬೊಬ್ಬರು ಒಂದೊಂದು ಭಾಗ ಗಟ್ಟಿಯಾಗಿ ಓದಿದರು, ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ಭಾಷಣ ಯಾರೂ ಮಾಡಲಿಲ್ಲ.

ನಿಮ್ಮ ಕೌಂಟಿಯಲ್ಲೂ ಇಂಥವರು ಇದ್ದರೇ ಅಂತ ನೋಡಬೇಕಾದರೆ 1840ರ ಜನಗಣತಿಯಿಂದ ಶುರು ಮಾಡಿ. ಅದರಲ್ಲಿ ಪಿಂಚಣಿದಾರರ ಹೆಸರು, ವಯಸ್ಸು ಬೇರೆಯಾಗಿ ಬರೆದಿದ್ದಾರೆ. ಅವರ ಪಿಂಚಣಿ ಅರ್ಜಿಗಳು ವಾಷಿಂಗ್ಟನ್‌ನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಅರ್ಜಿ ಓದಿ. ಕೋರ್ಟಿನಲ್ಲಿ ನಿಂತು ಸೈನಿಕ ತಾನೇ ಹೇಳಿ ಬರೆಸಿದ ಕಥೆ ಅಲ್ಲಿರುತ್ತದೆ. ಗ್ರೇ ಅಜ್ಜನ ಹಾಗೆ ಪಿಂಚಣಿ ಇಲ್ಲದವರು ಮಾತ್ರ ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಅವರಿಗಾಗಿ ಹಳೆಯ ತೆರಿಗೆ ಪಟ್ಟಿ, ಜಮೀನು ಪತ್ರ, ಚರ್ಚಿನ ಪುಸ್ತಕ ಹುಡುಕಬೇಕು.