ಗಬಾನ್‌ಗೆ ಹೊಸದಾಗಿ ಬರುವ ಕುಟುಂಬಗಳಿಗೆ

ಗಬಾನ್ ಎಣ್ಣೆ ದೇಶ ಅಂತ ನೀವೂ ಕೇಳಿರುತ್ತೀರಿ. ನಿಜ, ರಫ್ತಿನ ದೊಡ್ಡ ಪಾಲು ಕಚ್ಚಾ ತೈಲದ್ದೇ. 1975ರಲ್ಲಿ ತೈಲ ರಫ್ತು ಮಾಡುವ ದೇಶಗಳ ಕೂಟ ಒಪೆಕ್ ಸೇರಿ, 1995ರಲ್ಲಿ ಹೊರಬಂದು, 2016ರಲ್ಲಿ ಮತ್ತೆ ಸೇರಿದ ದೇಶ ಇದು. ಹಾಗಂತ ಬದುಕು ಅಗ್ಗ ಅಂದುಕೊಳ್ಳಬೇಡಿ. ನೆಲದ ಶೇ. 85ಕ್ಕೂ ಜಾಸ್ತಿ ಭಾಗ ಕಾಡು. ಬೇಸಾಯ ಕಡಿಮೆ, ತಿನ್ನುವ ಸಾಮಾನು ಬಹುಪಾಲು ಹಡಗಿನಲ್ಲಿ ಬರಬೇಕು. ಮೊದಲ ತಿಂಗಳ ದಿನಸಿ ಬಿಲ್ ನೋಡಿ ಎದೆ ಧಸಕ್ಕೆನ್ನುವುದು ಎಲ್ಲರಿಗೂ ಆಗುವಂಥದ್ದೇ. ತೊಗರಿಬೇಳೆ, ಸಾರಿನ ಪುಡಿ, ಹುಣಸೆಹಣ್ಣು ಊರಿಂದಲೇ ತನ್ನಿ. ಬಾಳೆಕಾಯಿ, ಮರಗೆಣಸಿಗೆ ರಾಜಧಾನಿ ಲಿಬ್ರವಿಲ್‌ನ ಮೋಂಬುಯೆ ಮಾರುಕಟ್ಟೆ ಇದೆ.

ಇಲ್ಲಿನ ಭಾರತೀಯರಲ್ಲಿ ಅನೇಕರು ತೈಲಕ್ಕಲ್ಲ, ಮರದ ಕೆಲಸಕ್ಕೆ ಬಂದವರು. 2010ರಲ್ಲಿ ಸರ್ಕಾರ ದಿಮ್ಮಿ ರಫ್ತು ನಿಲ್ಲಿಸಿತು. ಮರವನ್ನು ಇಲ್ಲೇ ಸೀಳಿ ಕಳಿಸಬೇಕಾಯಿತು. ಲಿಬ್ರವಿಲ್ ಪಕ್ಕದ ನ್ಕೋಕ್‌ನಲ್ಲಿ ವಿನಿಯರ್ (ಮರದ ತೆಳು ಹಾಳೆ), ಪ್ಲೈವುಡ್ ಕಾರ್ಖಾನೆಗಳು ಎದ್ದಿದ್ದು ಹಾಗೆ. ತೈಲದವರ ಊರು ಪೋರ್ಟ್‌-ಜಂಟಿಲ್. ಅಲ್ಲಿ ಕೆಲಸವಾದರೆ ಒಂದು ಮಾತು: ಲಿಬ್ರವಿಲ್‌ನಿಂದ ಕಾರಿನಲ್ಲಿ ಹೋಗುವುದು ಸುಲಭವಲ್ಲ, ಸಾಮಾನ್ಯವಾಗಿ ವಿಮಾನ ಇಲ್ಲವೇ ದೋಣಿಯೇ ಗತಿ. ಮನೆ ಸಾಮಾನಿನ ಲೆಕ್ಕ ಅದಕ್ಕೆ ತಕ್ಕಂತೆ ಹಾಕಿ.

ಟ್ಯಾಕ್ಸಿಗೆ ಮೀಟರ್ ಇಲ್ಲ. ರಸ್ತೆ ಬದಿ ನಿಂತು, ಕಾರು ನಿಧಾನಿಸಿದಾಗ ಹೋಗುವ ಜಾಗ, ಕೊಡುವ ದುಡ್ಡು ಎರಡನ್ನೂ ಒಂದೇ ಉಸಿರಲ್ಲಿ ಹೇಳಬೇಕು. ಒಪ್ಪಿದರೆ ಡ್ರೈವರ್ ಹಾರ್ನ್ ಹೊಡೆಯುತ್ತಾನೆ. ಇಲ್ಲದಿದ್ದರೆ ಸುಮ್ನೆ ಮುಂದೆ ಹೋಗುತ್ತಾನೆ, ಬೇಜಾರು ಮಾಡ್ಕೋಬೇಡಿ. ಒಳಗೆ ಬೇರೆ ಪ್ರಯಾಣಿಕರೂ ಇರುತ್ತಾರೆ. ಇಲ್ಲಿ ವ್ಯವಹಾರ ಫ್ರೆಂಚ್‌ನಲ್ಲಿ, ಹಾಗಾಗಿ ಫ್ರೆಂಚ್ ಅಂಕಿಗಳನ್ನು ಮೊದಲ ವಾರವೇ ಬಾಯಿಪಾಠ ಮಾಡಿ. ಅಂಗಡಿಯಲ್ಲೂ ಅಷ್ಟೆ, 'ಬೋಂಜೂರ್' (ನಮಸ್ಕಾರ) ಹೇಳದೆ ಬೆಲೆ ಕೇಳಿದರೆ ಮುಖ ಗಂಟಿಕ್ಕುತ್ತಾರೆ.

ದುಡ್ಡು ಸಿಎಫ್‌ಎ ಫ್ರಾಂಕ್. 1 ಯೂರೋಗೆ 655.957, ಈ ದರ ಕಟ್ಟಿಟ್ಟದ್ದು. ಕ್ಯಾಮರೂನ್‌ನಲ್ಲೂ ಇದೇ ನೋಟು. ಸೆನೆಗಲ್, ಐವರಿ ಕೋಸ್ಟ್‌ಗಳ ಸಿಎಫ್‌ಎ ಬೇರೆ. ಬೆಲೆ ಒಂದೇ ಆದರೂ ನೋಟು ನಡೆಯದು.

ಹಳದಿ ಜ್ವರದ ಲಸಿಕೆ ಹೊರಡುವ 10 ದಿನ ಮೊದಲೇ ಆಗಿರಲಿ. ಆ ಕಾರ್ಡ್ ಪಾಸ್‌ಪೋರ್ಟ್ ಜೊತೆಗೇ ಇಡಿ. ಬರುವಾಗ ಮಾತ್ರ ಅಲ್ಲ, ರಜೆಗೆ ಊರಿಗೆ ಹೋಗುವಾಗಲೂ ಬೇಕು. ಕಾರ್ಡ್ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದವರು 6 ದಿನದವರೆಗೆ ಕ್ವಾರಂಟೈನ್‌ಗೆ ಹಾಕಬಹುದು. ಮಲೇರಿಯಾ ವರ್ಷವಿಡೀ ಇದೆ, ಮಕ್ಕಳ ಮಂಚಕ್ಕೆ ಸೊಳ್ಳೆಪರದೆ ಕಟ್ಟಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಕಾಯಬೇಡಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ.