ಎಲೆಕ್ಷನ್ ಬಂದರೆ ಕೋವಿ ಎಲ್ಲಿಗೆ ಹೋಗುತ್ತೆ? ವರ್ಜೀನಿಯಾದಲ್ಲಿ ಮನೆಮನೆ ಬಾಗಿಲು ತಟ್ಟಿದ ಅನುಭವ

ನಮ್ಮದು ಕೊಪ್ಪದ ಹತ್ತಿರದ ಅಡಿಕೆ ತೋಟ. ಅಪ್ಪನ ಹತ್ತಿರ ಒಂದು ಒಂಟಿ ನಳಿಗೆ ಕೋವಿ ಇದೆ, ಬೆಳೆ ರಕ್ಷಣೆಯ ಲೈಸೆನ್ಸ್. ಮಂಗನನ್ನು ಹೆದರಿಸೋದಕ್ಕೆ, ಹಂದಿ ಬಂದರೆ ಗಾಳಿಯಲ್ಲಿ ಒಂದು ಈಡು ಹೊಡೆಯೋದಕ್ಕೆ ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇಲ್ಲ. ಎಲೆಕ್ಷನ್ ಘೋಷಣೆಯಾದ ಕೂಡಲೇ ಅದನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಕೊಟ್ಟು ರಸೀದಿ ತರಬೇಕು. ವೋಟು ಎಣಿಕೆ ಎಲ್ಲ ಮುಗಿದ ಮೇಲೆ ವಾಪಸ್ ತರಬೇಕು. ಚಿಕ್ಕಂದಿನಿಂದ ನೋಡಿದ್ದು ಇದೇ ಆದ್ದರಿಂದ, ಕೋವಿಗೂ ಎಲೆಕ್ಷನ್ನಿಗೂ ಇರುವ ಸಂಬಂಧ ಇಷ್ಟೇ ಅಂತ ನಾನು ಅಂದುಕೊಂಡಿದ್ದೆ.

2018ರಲ್ಲಿ ನನಗೆ ಇಲ್ಲಿನ, ಅಂದರೆ ಅಮೆರಿಕದ, ಪೌರತ್ವ ಸಿಕ್ಕಿತು. ಇರುವುದು ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿ, ವಾಷಿಂಗ್ಟನ್ ಡಲ್ಲೆಸ್ ವಿಮಾನ ನಿಲ್ದಾಣದ ಪಕ್ಕ. ಕನ್ನಡದವರು ಸಾಕಷ್ಟು ಇದ್ದೀವಿ. 2019ರ ಮೇ 31ರಂದು ವರ್ಜೀನಿಯಾ ಬೀಚ್‌ನ ನಗರಸಭೆ ಕಚೇರಿಯಲ್ಲಿ ಅಲ್ಲಿನದೇ ನೌಕರನೊಬ್ಬ 12 ಜನರನ್ನು ಗುಂಡಿಟ್ಟು ಕೊಂದ. ಗವರ್ನರ್ ರಾಲ್ಫ್ ನಾರ್ಥಮ್ ಬಂದೂಕು ಕಾನೂನಿಗಾಗಿಯೇ ಜುಲೈ 9ಕ್ಕೆ ವಿಶೇಷ ಅಧಿವೇಶನ ಕರೆದರು. ಆಗ ಎರಡೂ ಸದನ ರಿಪಬ್ಲಿಕನ್ನರ ಕೈಯಲ್ಲಿತ್ತು. ಸುಮಾರು ಒಂದೂವರೆ ಗಂಟೆಯಲ್ಲಿ ಅಧಿವೇಶನ ಮುಂದೂಡಿ ಎದ್ದು ಹೋದರು, ಒಂದು ಬಿಲ್ಲೂ ಮತಕ್ಕೆ ಬರಲಿಲ್ಲ. ಮುಂದಿನ ದಿನಾಂಕ ಕೊಟ್ಟಿದ್ದು ನವೆಂಬರ್ 18, ಅಂದರೆ ಎಲೆಕ್ಷನ್ ಮುಗಿದ ಮೇಲೆ. ನನಗೆ ಸಿಟ್ಟು ಬಂದಿದ್ದು ಆಗ. ಬೇಡ ಅಂತ ವೋಟು ಹಾಕಿದ್ದರೆ ಸುಮ್ನಿರುತ್ತಿದ್ದೆನೋ ಏನೋ.

ಹಾಗಾಗಿ ಬಂದೂಕು ಕಾನೂನು ಬೇಕು ಅನ್ನುವ ಡೆಮಾಕ್ರಟಿಕ್ ಪಕ್ಷದ ಮನೆಮನೆ ಪ್ರಚಾರಕ್ಕೆ ಹೆಸರು ಕೊಟ್ಟೆ. ವರ್ಜೀನಿಯಾದಲ್ಲಿ ರಾಜ್ಯದ ಚುನಾವಣೆ ಬೆಸ ಸಂಖ್ಯೆಯ ವರ್ಷಗಳಲ್ಲಿ ಬರುತ್ತೆ, ಅಧ್ಯಕ್ಷರ ಚುನಾವಣೆಯ ಗದ್ದಲ ಇರಲ್ಲ, ಅರ್ಧಕ್ಕರ್ಧ ಜನಕ್ಕೆ ಚುನಾವಣೆ ಇದೆ ಅಂತಲೇ ಗೊತ್ತಿರಲ್ಲ. ನಮ್ಮ ಭಾಗದಲ್ಲಿ ರಾಜ್ಯದ ಮೇಲ್ಮನೆಯಾದ ಸೆನೆಟ್‌ನ 13ನೇ ಕ್ಷೇತ್ರ ಖಾಲಿಯಾಗಿತ್ತು, ಹಳೆಯ ರಿಪಬ್ಲಿಕನ್ ಸದಸ್ಯರು ನಿವೃತ್ತಿ ಘೋಷಿಸಿದ್ದರು. ಕೆಳಮನೆಯ 87ನೇ ಕ್ಷೇತ್ರಕ್ಕೆ ಬೆಂಗಳೂರಿನ ಮೂಲದ ಕುಟುಂಬದ ಸುಹಾಸ್ ಸುಬ್ರಮಣ್ಯಂ ನಿಂತಿದ್ದರು. ನಮ್ಮವರಲ್ಲಿ ಅದೇ ಸುದ್ದಿ ಜಾಸ್ತಿ, ಬಂದೂಕಿನ ಮಾತು ಕಡಿಮೆ.

ಕೆಲಸ ಹೇಗೆ ಅಂತ ಹೇಳ್ತೀನಿ. ಮಿನಿವ್ಯಾನ್ ಅನ್ನೋ ಆ್ಯಪ್ ಫೋನಿಗೆ ಹಾಕಿಕೊಳ್ಳಬೇಕು. ಅದರಲ್ಲಿ ನಮಗೆ ಕೊಟ್ಟ ಬೀದಿಯ ಮನೆಗಳ ಪಟ್ಟಿ ಬರುತ್ತೆ. ಎಲ್ಲ ಮನೆಗೂ ಹೋಗಲ್ಲ, ಆರಿಸಿದ ಮನೆಗೆ ಮಾತ್ರ. ವರ್ಜೀನಿಯಾದಲ್ಲಿ ಮತದಾರರು ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳುವ ಪದ್ಧತಿ ಇಲ್ಲ. ಯಾರು ಯಾವ ಕಡೆ ಅನ್ನೋದು ಊಹೆ, ಹಿಂದೆ ಯಾವ ಪಕ್ಷದ ಪ್ರೈಮರಿಯಲ್ಲಿ (ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ) ವೋಟು ಹಾಕಿದ್ದಾರೆ ಅನ್ನೋದು ಅದಕ್ಕೆ ದೊಡ್ಡ ಸುಳಿವು. ಮಾತಾಡಿ ಬಂದ ಮೇಲೆ 1ರಿಂದ 5ರವರೆಗೆ ನಂಬರ್ ಒತ್ತಬೇಕು: 1 ಅಂದರೆ ಖಂಡಿತ ನಮ್ಮವರು, 5 ಅಂದರೆ ಖಂಡಿತ ಅಲ್ಲ. 40 ಬಾಗಿಲು ತಟ್ಟಿದರೆ ಹತ್ತು ತೆರೆದರೆ ಪುಣ್ಯ. ಉಳಿದ ಕಡೆ ನಾಯಿ ಬೊಗಳುತ್ತೆ, ಇಲ್ಲಾ ಡೋರ್‌ಬೆಲ್ ಕ್ಯಾಮೆರಾದೊಳಗಿಂದ ಒಂದು ದನಿ "ನೋ ಥ್ಯಾಂಕ್ಯೂ" ಅನ್ನುತ್ತೆ.

ಮೊದಲ ದಿನ ಕೆಟ್ಟದಾಗಿ ಹೋಯ್ತು. ನಾನು "ಗನ್ ಕಂಟ್ರೋಲ್" ಅಂತ ಶುರು ಮಾಡುತ್ತಿದ್ದೆ. ಆ ಎರಡು ಪದ ಕೇಳಿದ್ದೇ ಜನರ ಮುಖ ಮುಚ್ಚಿಕೊಳ್ಳುತ್ತಿತ್ತು, ನಮ್ಮ ಕಡೆಯವರದ್ದೂ ಸಹ. ನಮಗೆ ತರಬೇತಿ ಕೊಡುತ್ತಿದ್ದ ಹೆಂಗಸು, ನಿವೃತ್ತ ಟೀಚರ್, ಸಂಜೆ ಕರೆದು ಹೇಳಿದರು: ಬಂದೂಕಿನ ಬಗ್ಗೆ ಕೇಳಬೇಡ, ಒಂದೇ ಒಂದು ಕಾನೂನಿನ ಬಗ್ಗೆ ಕೇಳು. ಇಲ್ಲಿ ಲೈಸೆನ್ಸ್ ಇರುವ ಅಂಗಡಿಯಲ್ಲಿ ಬಂದೂಕು ಕೊಂಡರೆ ಸ್ಟೇಟ್ ಪೊಲೀಸರು ಕೊಳ್ಳುವವನ ಹಿನ್ನೆಲೆ ನೋಡುತ್ತಾರೆ. ಅದೇ ಒಬ್ಬ ಖಾಸಗಿ ಮನುಷ್ಯ ಇನ್ನೊಬ್ಬನಿಗೆ ಮಾರಿದರೆ ಆಗ ಆ ತಪಾಸಣೆ ಕಡ್ಡಾಯ ಇರಲಿಲ್ಲ. ಮರುದಿನದಿಂದ ನಾನು ಕೇಳಿದ್ದು ಇಷ್ಟೇ: "ಅಂಗಡಿಗೆ ಒಂದು ನಿಯಮ, ಅಂಗಡಿ ಹೊರಗೆ ಇನ್ನೊಂದು, ಇದು ಸರಿಯಾ ನಿಮಗೆ?" ಬಂದೂಕು ಇಟ್ಟುಕೊಂಡವರೇ ಎಷ್ಟೋ ಜನ "ಸರಿಯಲ್ಲ" ಅಂದರು. ನಾನು ಹೇಳುತ್ತಿದ್ದ ಎರಡನೆಯ ಮಾತು 2017ರ ಕತೆ. ನ್ಯೂಪೋರ್ಟ್ ನ್ಯೂಸ್ ಅನ್ನೋ ಊರಿನ ಒಂದು ಕೆಳಮನೆ ಸೀಟಿನಲ್ಲಿ ಇಬ್ಬರಿಗೂ 11,608 ವೋಟು ಬಂದು, ಬಟ್ಟಲಿನಿಂದ ಚೀಟಿ ಎತ್ತಿ ಗೆದ್ದವರನ್ನು ಆರಿಸಿದರು. ರಿಪಬ್ಲಿಕನ್ನರಿಗೆ ಆ ಸದನದಲ್ಲಿ 51-49 ಬಹುಮತ ಉಳಿದಿದ್ದು ಹಾಗೆ. "ನನ್ನೊಬ್ಬನ ವೋಟಿನಿಂದ ಏನು" ಅಂದವರಿಗೆ ಇದನ್ನು ಹೇಳಿದರೆ ಬೇರೆ ಮಾತು ಬೇಕಾಗುತ್ತಿರಲಿಲ್ಲ.

ಹೀಗೆ ಕೈ ಕುದುರಿತು ಅಂದುಕೊಂಡಿದ್ದಾಗ ಒಂದು ಶನಿವಾರ ಪಟ್ಟಿ ತಪ್ಪಿ ಒಬ್ಬ ಮಾಜಿ ಸೈನಿಕರ ಮನೆಗೆ ಹೋದೆ. ಎಪ್ಪತ್ತರ ಹತ್ತಿರದ ವಯಸ್ಸು, ಗ್ಯಾರೇಜಿನಲ್ಲಿ ಜಿಂಕೆಯ ಕೊಂಬು ನೇತುಹಾಕಿದ್ದರು. ಬೈದು ಕಳಿಸುತ್ತಾರೆ ಅಂದುಕೊಂಡರೆ ಕುರ್ಚಿ ಕೊಟ್ಟರು. ಜಿಂಕೆ ಅವರ ತರಕಾರಿ ತೋಟ ಹಾಳು ಮಾಡುವ ಮಾತು ಬಂತು, ನಾನು ಖುಷಿಯಿಂದ ಕಾಡುಹಂದಿ, ಮಂಗ, ಅಪ್ಪನ ಕೋವಿ ಎಲ್ಲ ಹೇಳಿದೆ. ನಿಮ್ಮಪ್ಪನಿಗೆ ಲೈಸೆನ್ಸ್ ಹೇಗೆ ಸಿಕ್ಕಿತು ಅಂತ ಕೇಳಿದರು. ಡಿಸಿ ಕಚೇರಿಗೆ ಅರ್ಜಿ, ಪೊಲೀಸ್ ರಿಪೋರ್ಟ್, ಆಗಾಗ ರಿನ್ಯೂವಲ್, ಎಲೆಕ್ಷನ್ ಬಂದರೆ ಠಾಣೆಯಲ್ಲಿ ಠೇವಣಿ. ಇಷ್ಟೆಲ್ಲ ಇದ್ದರೂ ನಮ್ಮಪ್ಪ ಆರಾಮಾಗಿದ್ದಾರೆ, ಕೋವಿಯೂ ಇದೆ, ಕಾನೂನೂ ಇದೆ ಅಂತ ನಾನು ಗೆದ್ದವನ ಹಾಗೆ ನಿಲ್ಲಿಸಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅಂದರೆ ವೋಟು ಹಾಕುವ ದಿನ ನಿಮ್ಮಪ್ಪನ ಬಂದೂಕು ಸರ್ಕಾರದ ಹತ್ತಿರ ಇರುತ್ತೆ. ನಾನು ಹೆದರೋದು ಇದಕ್ಕೇ ಮಗನೇ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಬಿಲ್ ಸ್ಕೋರ್ ಚೆನ್ನಾಗಿದೆ ಅಂತ ಸಾಲವೇ ಬೇಡ ಅನ್ನುವವನಿಗೆ ಹೇಳಿದ ಹಾಗಾಯ್ತು. ನಮಗೆ ಠಾಣೆಯ ರಸೀದಿ ಅಂದರೆ ಒಂದು ದಿನದ ತೋಟದ ಕೆಲಸ ಹಾಳು, ಅಷ್ಟೇ. ಅವರಿಗೆ ಅದು ಇಡೀ ದೇಶ ಕೈಬಿಟ್ಟು ಹೋದ ಲೆಕ್ಕ. ತಪಾಸಣೆ ಬೇಡ ಅಂತಲ್ಲ, ಅದರ ಹಿಂದೆ ಬಂದೂಕು ಇರುವವರ ಪಟ್ಟಿ ಬರುತ್ತೆ, ಪಟ್ಟಿ ಹಿಂದೆ ಗೋಣಿಚೀಲ ಬರುತ್ತೆ ಅನ್ನೋದು ಅವರ ವಾದ. ಫೋನಿನಲ್ಲಿ 5 ಒತ್ತಿದೆ. ಅಪ್ಪನ ಕೋವಿ ಕತೆ ಆಮೇಲೆ ಯಾವ ಬಾಗಿಲಲ್ಲೂ ಹೇಳಲಿಲ್ಲ.

ದೀಪಾವಳಿ ಆಗಿ ಒಂದು ವಾರಕ್ಕೆ, ನವೆಂಬರ್ 5ಕ್ಕೆ ಚುನಾವಣೆ. ಡೆಮಾಕ್ರಟರು ಎರಡೂ ಸದನ ಗೆದ್ದರು, ಕೆಳಮನೆ 55-45, ಸೆನೆಟ್ 21-19. ನಮ್ಮ 13ನೇ ಕ್ಷೇತ್ರವೂ ಬಂತು, ಸುಹಾಸ್ ಕೂಡ ಗೆದ್ದರು. ನಾವು ಪಿಜ್ಜಾ ತಿಂದು ಮನೆಗೆ ಹೋಗಿ ಮಲಗಿದೆವು. ತಪ್ಪು ಮಾಡಿದ್ದು ಅಲ್ಲೇ ಅಂತ ನನಗೆ ಈಗ ಅನ್ನಿಸುತ್ತೆ.

ಯಾಕೆಂದರೆ ಆ ಕಡೆಯವರು ಮಲಗಲಿಲ್ಲ. ಮುಂದಿನ ಕೆಲವೇ ವಾರಗಳಲ್ಲಿ ರಾಜ್ಯದ 95 ಕೌಂಟಿಗಳಲ್ಲಿ ಬಹುಪಾಲು ಕೌಂಟಿಗಳು "ನಮ್ಮದು ಎರಡನೇ ತಿದ್ದುಪಡಿಯ ಆಶ್ರಯತಾಣ" ಅಂತ ಠರಾವು ಮಾಡಿದವು. ಎರಡನೇ ತಿದ್ದುಪಡಿ ಅಂದರೆ ಬಂದೂಕು ಇಟ್ಟುಕೊಳ್ಳುವ ಹಕ್ಕು ಕೊಡುವ ಇಲ್ಲಿನ ಸಂವಿಧಾನದ ಭಾಗ. ನಮ್ಮ ಪಕ್ಕದ ಫಾಕಿಯರ್ ಕೌಂಟಿಯೂ ಮಾಡಿತು. ಇದಕ್ಕೆ ಕಾನೂನಿನ ಬಲ ಇಲ್ಲ ಅಂತ ರಾಜ್ಯದ ಅಟಾರ್ನಿ ಜನರಲ್ ಡಿಸೆಂಬರ್‌ನಲ್ಲಿ ಅಭಿಪ್ರಾಯ ಕೊಟ್ಟರು, ನಿಜ. ಆದರೆ ಚಳಿಯಲ್ಲಿ ರಾತ್ರಿ ಸಾವಿರಾರು ಜನ ಕೌಂಟಿ ಸಭೆಗೆ ಬಂದು ನಿಂತಿದ್ದನ್ನು ಯಾವ ಅಭಿಪ್ರಾಯವೂ ಅಳಿಸಲ್ಲ ಅಲ್ವಾ? ಅದಕ್ಕೆ ತುಪ್ಪ ಸುರಿದಿದ್ದು ನಮ್ಮವರದೇ ಒಂದು ಬಿಲ್. ಸೆನೆಟ್‌ನಲ್ಲಿ ಮೊದಲು ಬಂದ ಆ ಕರಡಿನಲ್ಲಿ ಕೆಲವು ಬಗೆಯ ರೈಫಲ್ ಇಟ್ಟುಕೊಳ್ಳುವುದೇ ಅಪರಾಧ ಅಂತ ಬರೆದಿತ್ತು, ಈಗಾಗಲೇ ಕೊಂಡವರಿಗೂ ಸೇರಿ. ಆಮೇಲೆ ಅದನ್ನು ವಾಪಸ್ ತೆಗೆದುಕೊಂಡರು. ಆದರೆ ನಾನು ಬಾಗಿಲು ಬಾಗಿಲಲ್ಲಿ "ತಪಾಸಣೆ ಮಾತ್ರ" ಅಂದಿದ್ದೆ. ಆ ಗ್ಯಾರೇಜಿನ ಯಜಮಾನರು ನನ್ನ ಬಗ್ಗೆ ಏನಂದುಕೊಂಡಿರಬಹುದು ಅಂತ ಯೋಚನೆ ಬಂತು.

2020ರ ಜನವರಿ 20, ರಾಜಧಾನಿ ರಿಚ್‌ಮಂಡ್‌ನ ಶಾಸನಸಭೆ ಕಟ್ಟಡ ಕ್ಯಾಪಿಟಲ್ ಸುತ್ತ, ಹೊಸ ಬಂದೂಕು ಕಾನೂನು ಬೇಡ ಅಂತ ಸುಮಾರು 22,000 ಜನ ಸೇರಿದರು. ಒಳ ಆವರಣದಲ್ಲಿ ಗವರ್ನರ್ ತುರ್ತು ಆದೇಶದಿಂದ ಬಂದೂಕು ನಿಷೇಧ ಇತ್ತು. ಹೊರಗಿನ ರಸ್ತೆಯಲ್ಲಿ ಹೆಗಲ ಮೇಲೆ ರೈಫಲ್ ಹಾಕಿಕೊಂಡ ಜನವೋ ಜನ. ಗಲಾಟೆ ಏನೂ ಆಗಲಿಲ್ಲ. ಬೆದರಿಕೆ ಇತ್ತು ಅಂತ ನಮ್ಮ ಕಡೆಯವರು ಪ್ರತಿವರ್ಷದ ಕಾರ್ಯಕ್ರಮವನ್ನೇ ರದ್ದು ಮಾಡಿದ್ದರು. ನಾನು ಮನೆಯಲ್ಲಿ ಕೂತು ಟಿವಿ ನೋಡಿದೆ. ಅಪ್ಪ ಫೋನ್ ಮಾಡಿ, "ಎಂಥ ಮಾರಾಯ, ಕೋವಿ ಹಿಡ್ಕೊಂಡು ವಿಧಾನಸೌಧದ ಎದುರು ನಿಲ್ಲಕ್ಕೆ ಬಿಡ್ತಾರಾ ಅಲ್ಲಿ?" ಅಂದರು. ಬಿಡ್ತಾರೆ ಅಂದೆ. "ಹಂಗಾದ್ರೆ ನೀನು ಅಲ್ಲಿ ಬದಲಾಯಿಸೋದು ಎಂಥ?" ಅಂದರು.

ಬದಲಾಗಿದ್ದು ಇಷ್ಟು. ಏಪ್ರಿಲ್‌ನಲ್ಲಿ ಗವರ್ನರ್ ಸಹಿ ಹಾಕಿ ಜುಲೈ 1ರಿಂದ ಜಾರಿಯಾದವು: ಖಾಸಗಿ ಮಾರಾಟಕ್ಕೂ ತಪಾಸಣೆ, 30 ದಿನಕ್ಕೆ ಒಂದೇ ಕೈಬಂದೂಕು ಕೊಳ್ಳಬಹುದು, ಅಪಾಯ ಮಾಡಿಕೊಳ್ಳುವ ಅಥವಾ ಮಾಡುವ ಸೂಚನೆ ಇದ್ದವರ ಬಂದೂಕನ್ನು ಕೋರ್ಟ್ ಆದೇಶದಿಂದ ಸ್ವಲ್ಪ ಕಾಲ ತೆಗೆದಿಡಬಹುದು, ಬಂದೂಕು ಕಳೆದರೆ 48 ಗಂಟೆಯಲ್ಲಿ ತಿಳಿಸಬೇಕು. ತಿಂಗಳಿಗೊಂದು ಅನ್ನೋದು ಹೊಸದೇನಲ್ಲ, 1993ರಲ್ಲಿ ಬಂದು 2012ರಲ್ಲಿ ರದ್ದಾಗಿದ್ದು ಮತ್ತೆ ಬಂತು, ಅಷ್ಟೇ. ರೈಫಲ್ ನಿಷೇಧದ ಬಿಲ್ ಮಾತ್ರ ಬಿದ್ದುಹೋಯ್ತು. ಕೆಳಮನೆಯಲ್ಲಿ ಪಾಸಾದ ಬಿಲ್ಲನ್ನು ಸೆನೆಟ್ ಸಮಿತಿ 10-5ರಲ್ಲಿ ಬದಿಗಿಟ್ಟಿತು, ನಾಲ್ವರು ಡೆಮಾಕ್ರಟರೇ ಆ ಕಡೆ ಸೇರಿದರು. ನಮ್ಮ ಗುಂಪಿನಲ್ಲಿ ಅವರನ್ನು ದ್ರೋಹಿಗಳು ಅಂದರು. ಅವರೂ ಬಾಗಿಲು ತಟ್ಟಿದವರೇ ಇರಬೇಕು ಅಂತ ನನಗೆ ಅನ್ನಿಸಿತು, ಬಾಯಿ ಬಿಡಲಿಲ್ಲ.

2021ರಲ್ಲಿ ಮತ್ತೆ ಅದೇ ಬೀದಿಗಳಿಗೆ ಹೋದೆ. ಇಲ್ಲಿ ಗವರ್ನರ್ ಸತತ ಎರಡು ಸಲ ನಿಲ್ಲುವ ಹಾಗಿಲ್ಲ, ಹಾಗಾಗಿ ನಾರ್ಥಮ್ ಕಣದಲ್ಲಿರಲಿಲ್ಲ. 2019ರಲ್ಲಿ ನಾನು 1 ಒತ್ತಿದ್ದ ಮನೆಗಳಲ್ಲಿ ಬಂದೂಕಿನ ಮಾತು ತೆಗೆದರೆ "ಅದು ಆಯ್ತಲ್ಲ?" ಅನ್ನುತ್ತಿದ್ದರು. ಅವರಿಗೆ ಬೇಕಿದ್ದು ಶಾಲೆಯ ವಿಷಯ: ಕೋವಿಡ್‌ನಲ್ಲಿ ಎಷ್ಟು ದಿನ ಮುಚ್ಚಿದಿರಿ, ಏನು ಕಲಿಸ್ತಿದ್ದೀರಿ. ನಮ್ಮ ಲೌಡನ್ನಿನ ಶಾಲಾ ಮಂಡಳಿಯ ಜಗಳ ಇಡೀ ದೇಶದ ಟಿವಿಯಲ್ಲಿತ್ತು. ಕಾನೂನು ಪಾಸಾದರೆ ಕೇಳಿದವರ ಸಿಟ್ಟು ಇಳಿದುಹೋಗುತ್ತೆ, ಕಳೆದುಕೊಂಡವರ ಸಿಟ್ಟು ಬಡ್ಡಿ ಸಮೇತ ಬೆಳೆಯುತ್ತೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ, ಫೋನಿನ ನಂಬರುಗಳಲ್ಲಿ ನೋಡಿದ್ದು. 1 ಇದ್ದವರು 2, 3 ಆಗಿದ್ದರು. 5 ಇದ್ದವರು 5ರಲ್ಲೇ ಇದ್ದರು, ಅಷ್ಟೇ ಅಲ್ಲ, ಪಕ್ಕದ ಮನೆಯವರನ್ನೂ ಎಬ್ಬಿಸುತ್ತಿದ್ದರು.

ಹಾಗಂತ ಬಂದೂಕು ಕಾನೂನಿನಿಂದಲೇ ಸೋತೆವು ಅಂದರೆ ಸುಳ್ಳಾಗುತ್ತೆ. ವೈಟ್‌ಹೌಸ್‌ಗೆ ಯಾವ ಪಕ್ಷ ಗೆದ್ದು ಬರುತ್ತೋ ಮರುವರ್ಷ ಆ ಪಕ್ಷದ ವಿರುದ್ಧ ಗವರ್ನರನ್ನು ಆರಿಸುವುದು ವರ್ಜೀನಿಯಾದ ಹಳೆಯ ಚಾಳಿ. ಗೆದ್ದ ರಿಪಬ್ಲಿಕನ್ ಗ್ಲೆನ್ ಯಂಗ್‌ಕಿನ್ ಪ್ರಚಾರದಲ್ಲಿ ಬಂದೂಕಿನ ಮಾತನ್ನು ಹೆಚ್ಚು ಎತ್ತಲೇ ಇಲ್ಲ, ಬಂದೂಕು ಹಕ್ಕಿನ ದೊಡ್ಡ ಸಂಘಟನೆ ಎನ್‌ಆರ್‌ಎ ಬೆಂಬಲ ಕೂಡ ಅವರಿಗೆ ಘೋಷಣೆ ಆಗಿರಲಿಲ್ಲ. ಬುದ್ಧಿವಂತ ಮನುಷ್ಯ. ಕೋಪ ಇದ್ದವರು ಹೇಗೂ ಬರುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಕೆಳಮನೆ 52-48ರಲ್ಲಿ ಆ ಕಡೆ ಹೋಯ್ತು, ಸೆನೆಟ್ ನಮ್ಮ ಕಡೆ ಉಳಿದಿದ್ದರಿಂದ ಕಾನೂನುಗಳು ಉಳಿದವು. ಆಮೇಲೆ 2023ರಲ್ಲಿ ಕೆಳಮನೆಯೂ ವಾಪಸ್ ಬಂದು ಎರಡೂ ಸದನ ನಮ್ಮದಾದವು, 2024ರಲ್ಲಿ ಯಂಗ್‌ಕಿನ್ ಒಂದೇ ದಿನ 30 ಬಂದೂಕು ಬಿಲ್ಲುಗಳಿಗೆ ವೀಟೊ ಹಾಕಿದರು.

2021ರ ಚುನಾವಣೆ ದಿನ ನಾನು ಮತಗಟ್ಟೆಯ ಹೊರಗೆ ಮಾದರಿ ಮತಪತ್ರ ಹಂಚುತ್ತಿದ್ದೆ. ಬಾಗಿಲಿನಿಂದ 40 ಅಡಿ ದೂರದ ಗೆರೆ ದಾಟುವ ಹಾಗಿಲ್ಲ. ಗೆರೆಯ ಆಚೆ ಬದಿಯಲ್ಲಿ ಇನ್ನೊಂದು ಪಕ್ಷದ ಮತಪತ್ರ ಹಿಡಿದು ನಿಂತಿದ್ದವರು ಅದೇ ಮಾಜಿ ಸೈನಿಕರು. 2019ರಲ್ಲಿ ಅವರು ಯಾರಿಗೂ ಪ್ರಚಾರ ಮಾಡಿದವರಲ್ಲ. ನನ್ನ ಗುರುತು ಸಿಕ್ಕಿತು. ಫ್ಲಾಸ್ಕ್‌ನಿಂದ ಕಾಫಿ ಬಗ್ಗಿಸಿ ಕೊಟ್ಟರು.

"ನಿಮ್ಮಪ್ಪನ ಬಂದೂಕು ಹೇಗಿದೆ?" ಅಂದರು.

ಹಿಂದಿನ ಡಿಸೆಂಬರ್‌ನಲ್ಲಿ ಊರಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಆಗಿತ್ತು. ಕೋವಿ ಠಾಣೆಗೆ ಹೋಗಿತ್ತು, ಎಣಿಕೆ ಮುಗಿದ ಮೇಲೆ ವಾಪಸ್ ಬಂತು, ಬರುವಾಗ ನಳಿಗೆಗೆ ಸ್ವಲ್ಪ ತುಕ್ಕು ಹಿಡಿದಿತ್ತು ಅಂತ ಅಪ್ಪ ಗೊಣಗಿದರು ಅಂತ ಹೇಳಿದೆ.

ಅವರು ಜೋರಾಗಿ ನಕ್ಕರು. ಆಮೇಲೆ ಯಾವ ಎಣ್ಣೆ ಹಾಕಿ ಉಜ್ಜಿದರೆ ತುಕ್ಕು ಬಿಡುತ್ತೆ ಅಂತ ನನ್ನ ಮಾದರಿ ಮತಪತ್ರದ ಹಿಂದೆಯೇ ಬರೆದುಕೊಟ್ಟರು.